ಮಂಜೀರೆ ಬಳಸಿದ ನಡುಗಡ್ಡೆ: ನಮ್ಮ ಸೀಮೆಯ ನೆಲ, ನೀರು, ನಡೆನುಡಿ

ದ್ವೀಪವೆಂದೊಡನೆ ಮನಸ್ಸಿಗೆ ಬರುವುದು ಸಮುದ್ರ, ತೆಂಗಿನ ಸಾಲು, ದೋಣಿ, ಬಲೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಹುಟ್ಟಿ ಬೆಳೆದ ನಾವು ಸಮುದ್ರವನ್ನು ಕಾಣಬೇಕಾದರೆ ನೂರಾರು ಮೈಲಿ ಪಯಣಿಸಬೇಕು. ಆದರೂ ನಮ್ಮ ಸೀಮೆಯ ಇತಿಹಾಸವನ್ನು ಹೇಳಲು ಇದಕ್ಕಿಂತ ಒಪ್ಪುವ ಪದ ಇನ್ನೊಂದಿಲ್ಲವೆಂದು ನನ್ನ ಭಾವನೆ. ವೈಯಾಕರಣರು ದ್ವೀಪ ಪದವನ್ನು ‘ದ್ವಿ’ ಮತ್ತು ‘ಅಪ್’ ಎಂದು ಬಿಡಿಸುತ್ತಾರೆ. ಅಪ್ ಎಂದರೆ ನೀರು. ಎರಡು ಬದಿಗಳಲ್ಲಿ ನೀರುಳ್ಳ ನೆಲವೇ ದ್ವೀಪ. ಕನ್ನಡದಲ್ಲಿ ನಾವು ನಡುಗಡ್ಡೆ ಎನ್ನುತ್ತೇವೆ. ಇದೇ ರೀತಿಯಲ್ಲಿ, ಒಂದು ಭಾಷೆಯ ಹರವಿನ ನಡುವೆ ಇನ್ನೊಂದು ಭಾಷೆಯನ್ನಾಡುವ ಜನ ನೆಲೆಸಿದ್ದರೆ ಆ ನೆಲವನ್ನು ಭಾಷಾದ್ವೀಪವೆಂದು ಕರೆಯುವುದುಂಟು.

ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. ಅರಬ್ಬೀ ಸಮುದ್ರದ ಲಕ್ಷದ್ವೀಪಗಳಲ್ಲಿ ಜನರು ಆಡುವುದು ಮಲಯಾಳದ ಒಂದು ರೂಪವನ್ನು. ಆದರೆ ದಕ್ಷಿಣದ ತುದಿಯಲ್ಲಿರುವ ಮಿನಿಕಾಯ್ ದ್ವೀಪದ ಮಾತು ಮಹಲ್. ಅದು ಮಾಲ್ದೀವಿನ ದಿವೇಹಿ ಭಾಷೆಯ ಬಳಗಕ್ಕೆ ಸೇರಿದ್ದು. ಬಲದಿಂದ ಎಡಕ್ಕೆ ಬರೆಯುವ ಥಾನಾ ಎಂಬ ಲಿಪಿ ಅದಕ್ಕಿದೆ. ಅಲ್ಲಿನ ಗಂಡಸರು ತಲೆಮಾರುಗಳಿಂದ ಹಡಗುಗಳಲ್ಲಿ ದುಡಿಯಲು ದೂರದೂರದ ದೇಶಗಳಿಗೆ ಹೋದವರು. ಮನೆಯ ಮಾತನ್ನು ಮಾತ್ರ ಬಿಟ್ಟವರಲ್ಲ. ಲಕ್ಷದ್ವೀಪವು ಕೇಂದ್ರಾಡಳಿತ ಪ್ರದೇಶವಾದದ್ದು 1956ರ ನವೆಂಬರ್ 1ರಂದು. ಅದೇ ದಿನ, ಅದೇ ಕಾಯಿದೆಯ ಬಲದಿಂದ, ನಮ್ಮ ಮೂರು ತಾಲ್ಲೂಕುಗಳೂ ಬೀದರ ಮತ್ತು ಕಲಬುರಗಿ ಜಿಲ್ಲೆಗಳಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ನಮ್ಮದು ಭಾಷಾದ್ವೀಪವಾದದ್ದು ಆ ದಿನದಿಂದ.

ಈ ನಡುಗಡ್ಡೆಯ ನೆಲ, ನೀರು, ಬೆಳೆ, ಹಬ್ಬಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಅವುಗಳಲ್ಲಿ ಯಾವುದು ಇನ್ನೂ ಗಟ್ಟಿಯಾಗಿದೆ, ಯಾವುದು ಕರಗುತ್ತಿದೆ ಎಂಬುದನ್ನು ಸಂಘದ ಸದಸ್ಯರೂ ಅವರ ಮಕ್ಕಳೂ ತಿಳಿದಿರಬೇಕು.

ನೆಲ

ನಮ್ಮ ಸೀಮೆಯ ನೆಲಕ್ಕೆ ಮೂರು ಬಣ್ಣಗಳಿವೆ. ಜಹೀರಾಬಾದ್ ಮತ್ತು ಕೋಹೀರ ಕಡೆಯ ಎತ್ತರದ ನೆಲ ಕೆಂಪು. ನಾರಾಯಣಖೇಡದ ಕಡೆ ಎರೆಭೂಮಿ ಕಪ್ಪು. ತಾಂಡೂರಿನಲ್ಲಿ ಒಂದಾಳು ಅಗೆದರೆ ಸಾಕು, ನೀಲಿ ಮತ್ತು ಹಳದಿ ಛಾಯೆಯ ಫರಸಿ ಕಲ್ಲು.

ಈ ಮೂರೂ ಒಂದರ ಮೇಲೊಂದು ಹಾಸಿದ ಹಾಸಿಗೆಗಳಿದ್ದಂತೆ. ಎಲ್ಲಕ್ಕೂ ಕೆಳಗಿನದು, ಎಲ್ಲಕ್ಕೂ ಹಳೆಯದು ಫರಸಿ, ಅಂದರೆ ಸುಣ್ಣಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಭೂಮಿ ಬಿರಿದು ಹೊರಬಂದ ಲಾವಾ ಈ ಕಲ್ಲಿನ ಮೇಲೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿತು. ಆ ಕಪ್ಪು ಬಂಡೆ ಸವೆದು ಎರೆಮಣ್ಣಾಯಿತು. ಎತ್ತರದಲ್ಲಿ ಉಳಿದ ಬಂಡೆಯು ಮಳೆ ಬಿಸಿಲುಗಳಿಗೆ ಸಿಕ್ಕಿ ಕಬ್ಬಿಣದ ಅಂಶ ಉಳಿದು ಕೆಂಪು ಜಂಬಿಟ್ಟಿಗೆಯಾಯಿತು. ಇಂತಹ ಮಾರ್ಪಾಟು ಆಗುವುದು ಹೆಚ್ಚಾಗಿ ಉಷ್ಣವಲಯದಲ್ಲಿ. ಬೀದರದ ಕೋಟೆಯ ಗೋಡೆಗಳಲ್ಲಿ ಕಾಣುವ ಕೆಂಪು ಕಲ್ಲು, ಜಹೀರಾಬಾದಿನ ಹೊಲದ ಬದುವಿನಲ್ಲಿ ಕಾಣುವ ಕೆಂಪು ಕಲ್ಲು ಒಂದೇ ಪ್ರಸ್ಥಭೂಮಿಯವು.

ಲಾವಾದ ಹೊದಿಕೆ ಸವೆದು ಹೋದೆಡೆ ಸುಣ್ಣಕಲ್ಲು ಹೊರಗೆ ಕಾಣಿಸಿತು. ಕರ್ನಾಟಕದಲ್ಲಿ ಅದನ್ನು ಶಹಾಬಾದ್ ಕಲ್ಲು ಎನ್ನುತ್ತಾರೆ, ತೆಲಂಗಾಣದಲ್ಲಿ ತಾಂಡೂರು ಕಲ್ಲು ಎನ್ನುತ್ತಾರೆ. ಹಾಸು ಒಂದೇ. ಶಹಾಬಾದ್, ವಾಡಿ, ಸೇಡಂ, ಮಳಖೇಡ, ತಾಂಡೂರುಗಳ ಸಿಮೆಂಟ್ ಕಾರ್ಖಾನೆಗಳೆಲ್ಲ ಈ ಒಂದೇ ಹಾಸನ್ನು ನಂಬಿ ಬಂದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತಾಂಡೂರಿನ ಮೇಲೆ ಹಾದು ಹೋದ ಮೇಲೆ ಈ ಕಲ್ಲು ದೂರದ ಊರುಗಳ ಮನೆಗಳಿಗೆ ನೆಲಹಾಸಾಯಿತು.

ತೊಗರಿಯ ಕಥೆಯೂ ಹೀಗೆಯೇ. ಸುಣ್ಣದ ಅಂಶವುಳ್ಳ ಈ ಕಪ್ಪು ನೆಲದಲ್ಲಿ ಬೆಳೆದ ತೊಗರಿಯ ಬೇಳೆ ಬೇಗ ಬೇಯುತ್ತದೆ, ರುಚಿಯೂ ಹೆಚ್ಚು ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ತಲೆಮಾರುಗಳಿಂದ ತಿಳಿದ ಸಂಗತಿ. ಸರಕಾರ ಅದನ್ನು ಒಪ್ಪಿ ಭೌಗೋಳಿಕ ಗುರುತನ್ನು ಕೊಟ್ಟದ್ದು ಈಚೆಗೆ: ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ. ನೆಲವೊಂದೇ ಆದರೂ ಗುರುತಿನ ಚೀಟಿ ಎರಡಾದವು.

ನೀರು

ನಕ್ಷೆಯನ್ನು ಬಿಡಿಸಿ ನಮ್ಮ ನದಿಗಳ ಜಾಡನ್ನು ಬೆರಳಿನಿಂದ ಹಿಡಿದು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕಾರಂಜಾ ನದಿಯನ್ನು ನಮ್ಮ ಕಡೆ ನಾರಿಂಜಾ ಎನ್ನುತ್ತೇವೆ. ಅದು ಹುಟ್ಟುವುದು ಕೋಹೀರದ ಸಮೀಪದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹರಿದು ಬೀದರ ಜಿಲ್ಲೆಯನ್ನು ಹೊಕ್ಕು, ಭಾಲ್ಕಿ ತಾಲ್ಲೂಕಿನಲ್ಲಿ ಅಣೆಕಟ್ಟನ್ನು ತುಂಬಿ, ಮುಂದೆ ಮಂಜೀರೆಯನ್ನು ಸೇರುತ್ತದೆ. ಮಂಜೀರೆಯೋ ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಬೀದರ ಜಿಲ್ಲೆಯಲ್ಲಿ ಹಾದು, ನಾರಾಯಣಖೇಡದ ಸೀಮೆಯನ್ನು ಮುಟ್ಟಿ ಸಿಂಗೂರಿಗೆ ಬರುತ್ತಾಳೆ. ಅಂದರೆ ಕೋಹೀರದಲ್ಲಿ ಬಿದ್ದ ಮಳೆ ಕರ್ನಾಟಕಕ್ಕೆ ಹೋಗಿ, ಮಂಜೀರೆಯ ನೀರಾಗಿ ಮತ್ತೆ ತೆಲಂಗಾಣಕ್ಕೆ ಬರುತ್ತದೆ. ಬೀದರ ಮತ್ತು ಜಹೀರಾಬಾದಿನ ಪ್ರಸ್ಥಭೂಮಿಯನ್ನು ಈ ನೀರು ಬಹುಪಾಲು ಸುತ್ತಿಬರುವುದರಿಂದ, ನಡುಗಡ್ಡೆ ಎಂಬ ಹೆಸರು ಈ ನೆಲಕ್ಕೆ ಭಾಷೆಯಿಂದ ಮಾತ್ರವಲ್ಲದೆ ನೀರಿನಿಂದಲೂ ಸಲ್ಲುತ್ತದೆ.

ಸಿಂಗೂರಿನಿಂದ ಕೆಳಗೆ ಮಂಜೀರೆಯ ಮಡಿಲಲ್ಲಿ ನಿಜವಾದ ನಡುಗಡ್ಡೆಗಳೂ ಇವೆ. ಮಂಜೀರಾ ವನ್ಯಧಾಮವೆಂದು ರಕ್ಷಿಸಲ್ಪಟ್ಟ ಈ ಹರವಿನಲ್ಲಿ ಮೊಸಳೆಗಳೂ ನೀರುಹಕ್ಕಿಗಳೂ ನೆಲೆಸಿವೆ. ಆ ನಡುಗಡ್ಡೆಗಳ ಹೆಸರುಗಳು ಪುಟ್ಟಿಗಡ್ಡ, ಬಾಪನಗಡ್ಡ, ಕರ್ಣಂಗಡ್ಡ ಎಂದು ಮುಂತಾಗಿ ಇವೆ. ತೆಲುಗಿನ ಗಡ್ಡ, ಕನ್ನಡದ ಗಡ್ಡೆ, ಎರಡೂ ಒಂದೇ ದ್ರಾವಿಡ ತಾಯಿಯ ಮಕ್ಕಳು. ಮುಂದೆ ಮಂಜೀರೆ ಉತ್ತರಕ್ಕೆ ತಿರುಗಿ, ನಿಜಾಮಸಾಗರವನ್ನು ತುಂಬಿ, ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತಾಳೆ.

ತಾಂಡೂರಿನ ನದಿ ಕಾಗಿಣಾ. ವಿಕಾರಾಬಾದಿನ ಅನಂತಗಿರಿ ಬೆಟ್ಟಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಒಂದು ಮೂಸಿ, ಅದು ಪೂರ್ವಕ್ಕೆ ಹರಿದು ಹೈದರಾಬಾದ್ ನಗರವನ್ನು ಹಾಯುತ್ತದೆ. ಇನ್ನೊಂದು ಕಾಗಿಣಾ; ಅದು ಪಶ್ಚಿಮಕ್ಕೆ ಹರಿದು, ತಾಂಡೂರನ್ನು ದಾಟಿ, ಸೇಡಂ ಸೀಮೆಯಲ್ಲಿ ಮಳಖೇಡದ ಕೋಟೆಯ ಬುಡವನ್ನು ತೊಳೆದು, ಭೀಮೆಯನ್ನು ಸೇರುತ್ತದೆ. ರಾಷ್ಟ್ರಕೂಟರ ರಾಜಧಾನಿಯ ಜನ ಕುಡಿದ ನೀರು ತಾಂಡೂರಿನ ಮೇಲಿಂದ ಹರಿದು ಹೋದ ನೀರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳುವವರು ಬೇಕು.

ಜಂಬಿಟ್ಟಿಗೆ ನೆಲಕ್ಕೆ ಇನ್ನೊಂದು ಗುಣವಿದೆ. ಅದು ತೂತುತೂತಾದ ಕಲ್ಲು, ಮಳೆಯನ್ನು ಹೀರಿಕೊಳ್ಳುತ್ತದೆ. ಕೆಳಗಿನ ಬಿಗಿಯಾದ ಪದರವನ್ನು ಮುಟ್ಟಿದ ನೀರು ಮುಂದೆ ಇಳಿಯಲಾರದೆ ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರದ ಝರಣಿ ನರಸಿಂಹ, ಸಿಖ್ಖರಿಗೆ ಪವಿತ್ರವಾದ ನಾನಕ್ ಝೀರಾ ಇವೆಲ್ಲ ಇಂತಹ ಒರತೆಗಳ ಬಳಿ ಹುಟ್ಟಿದ ಕ್ಷೇತ್ರಗಳು. ಬಹಮನಿಗಳ ಕಾಲದಲ್ಲಿ ಈ ಒಳನೀರನ್ನೇ ನೆಲದಡಿಯ ಸುರಂಗಗಳ ಮೂಲಕ ಹಾಯಿಸಿ ‘ಕರೇಜ್’ ಎಂಬ ಪಾರಸಿ ಮಾದರಿಯ ವ್ಯವಸ್ಥೆಯನ್ನು ಬೀದರದಲ್ಲಿ ಕಟ್ಟಿದರು. ನಮ್ಮ ಝರಾಸಂಗಮವು ತನ್ನ ಹೆಸರಿನಲ್ಲಿಯೇ ಝರಿಯನ್ನು ಹೊತ್ತಿದೆ.

ಮಾನ್ಯಖೇಟದಿಂದ ನಿಜಾಮರವರೆಗೆ

ಮಾನ್ಯಖೇಟವೆಂಬುದೇ ಮಳಖೇಡವಾಯಿತು. ನಾರಾಯಣಖೇಡದ ‘ಖೇಡ’ವೂ ಅದೇ ಕುಲದ ಪದ. ಖೇಟವೆಂದರೆ ಊರು. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಕನ್ನಡದ್ದೆಂದು ಅದು ಹೇಳುವುದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಮಂಜೀರೆ ಸೇರುವುದು ಅದೇ ಗೋದಾವರಿಯನ್ನು ಎಂಬುದನ್ನು ಮಾತ್ರ ನಾವು ನೆನೆಯುವುದು ಕಡಿಮೆ.

ಆ ಕಾಲದಲ್ಲಿ ಕನ್ನಡ ತೆಲುಗುಗಳ ನಡುವೆ ಗೋಡೆಯಿರಲಿಲ್ಲ. ಆದಿಕವಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ಇಂದಿನ ತೆಲಂಗಾಣದ ವೇಮುಲವಾಡದ ಅರಸು ಅರಿಕೇಸರಿಯ ಆಶ್ರಯದಲ್ಲಿ. ಪಂಪನ ತಮ್ಮ ಜಿನವಲ್ಲಭನು ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ತೆಲಂಗಾಣದ ಅನೇಕ ಊರುಗಳಲ್ಲಿ ದೊರೆತಿವೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಾದಿ ಶರಣರು ಹೊತ್ತಿಸಿದ ದೀಪದ ಬೆಳಕು ಮೊದಲು ತಲಪಿದ ನೆಲಗಳಲ್ಲಿ ನಮ್ಮದೂ ಒಂದು. ಪಾಲ್ಕುರಿಕಿ ಸೋಮನಾಥನು ತೆಲುಗಿನಲ್ಲಿ ‘ಬಸವಪುರಾಣಮು’ ಎಂಬ ದ್ವಿಪದ ಕಾವ್ಯವನ್ನು ಬರೆದನು. ಅದನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಬಸವಣ್ಣನವರ ಕಥೆ ತೆಲುಗಿನಿಂದ ಕನ್ನಡಕ್ಕೆ ಬಂದಿತೆಂಬುದು ಗಡಿನಾಡಿನವರಾದ ನಾವು ಹೆಮ್ಮೆಯಿಂದ ಹೇಳಬೇಕಾದ ಮಾತು.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯು ಕಲಬುರಗಿಯಿಂದ ರಾಜಧಾನಿಯನ್ನು ಬೀದರಕ್ಕೆ ತಂದನು. ಅಷ್ಟೂರಿನಲ್ಲಿರುವ ಅವನ ಗೋರಿಯನ್ನು ಮುಸಲ್ಮಾನರು ವಲಿಯ ದರ್ಗಾ ಎಂದೂ ಲಿಂಗಾಯತರು ಅಲ್ಲಮಪ್ರಭುವಿನ ನೆಲೆಯೆಂದೂ ನಂಬಿ ಒಂದೇ ಉರುಸಿನಲ್ಲಿ ಕೂಡುತ್ತಾರೆ. 19ನೆಯ ಶತಮಾನದಲ್ಲಿ ಹುಮನಾಬಾದಿನ ಮಾಣಿಕಪ್ರಭುಗಳು ಎಲ್ಲ ಮತಗಳನ್ನೂ ಆದರಿಸುವ ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರು.

ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದುವಾಯಿತು. ಪಟ್ಟಾ, ಪಹಣಿ, ತಹಸೀಲು, ಮಾಲಿ ಪಟೇಲ, ಪೊಲೀಸ್ ಪಟೇಲ, ಪಟವಾರಿ ಮುಂತಾದ ಮಾತುಗಳು ಕನ್ನಡಿಗರ ಬಾಯಲ್ಲಿಯೂ ತೆಲುಗರ ಬ���ಯಲ್ಲಿಯೂ ಒಂದೇ ರೀತಿಯಲ್ಲಿ ನೆಲೆನಿಂತವು. ಆದರೆ ಸಂಸ್ಥಾನದ ಕನ್ನಡ ಮಕ್ಕಳಿಗೆ ತಾಯ್ನುಡಿಯಲ್ಲಿ ಓದುವ ಅವಕಾಶ ಬಹಳ ಕಡಿಮೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆ ಉರ್ದುವಿನಲ್ಲಿತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನವಾದ ಮೇಲೆ ಪ್ರಜೆಗಳ ಭಾಷೆಗಳಿಗೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಗಡಿಯ ಪ್ರಶ್ನೆ ಬಂದಿತು.

1956: ಒಂದು ಜಿಲ್ಲೆ, ಮೂರು ರಾಜ್ಯ

1953ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್‌ವಿಂಗಡಣಾ ಆಯೋಗವು ನೇಮಕವಾಯಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅದರ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಲ್ಲಿ ಆಯೋಗವು ಬೀದರ ಜಿಲ್ಲೆಯನ್ನು ತೆಲಂಗಾಣದ ಜಿಲ್ಲೆಗಳೊಡನೆ ಉಳಿಸಿ ಹೈದರಾಬಾದ್ ರಾಜ್ಯವನ್ನು ಮುಂದುವರಿಸಬೇಕೆಂದು ಸೂಚಿಸಿತ್ತು. ಸಂಸತ್ತು ಅಂಗೀಕರಿಸಿದ 1956ರ ಕಾಯಿದೆಯಲ್ಲಿ ನಡೆದದ್ದು ಬೇರೆ. ಕನ್ನಡ, ಮರಾಠಿ, ತೆಲುಗು ಮೂರೂ ಕೂಡಿದ್ದ ಬೀದರ ಜಿಲ್ಲೆಯನ್ನು ಮೂರಾಗಿ ಹಂಚಲಾಯಿತು.

ಅಹಮದ್‌ಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ ತಾಲ್ಲೂಕು ಮತ್ತು ಬೀದರ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಸೇರಿದವು. ಉಳಿದದ್ದು ಮೈಸೂರು ರಾಜ್ಯಕ್ಕೆ. ಜಹೀರಾಬಾದ್ ತಾಲ್ಲೂಕಿನಿಂದಲೂ ನಿರ್ಣಾ ಸರ್ಕಲನ್ನು ಬಿಡಿಸಿ ಮೈಸೂರಿಗೆ ಉಳಿಸಿಕೊಳ್ಳಲಾಯಿತು. ಅತ್ತ ಕಲಬುರಗಿ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಗೆರೆ ಎಳೆದವರು ತಾಲ್ಲೂಕು ಮತ್ತು ಸರ್ಕಲುಗಳ ಲೆಕ್ಕವನ್ನು ನೋಡಿದರು. ಮನೆಮನೆಯ ಲೆಕ್ಕ ನೋಡುವುದು ಯಾವ ಆಯೋಗಕ್ಕೂ ಸಾಧ್ಯವಿರಲಿಲ್ಲ. ಹೀಗಾಗಿ ತವರುಮನೆ ಒಂದು ರಾಜ್ಯದಲ್ಲಿ, ಅತ್ತೆಮನೆ ಇನ್ನೊಂದು ರಾಜ್ಯದಲ್ಲಿ ಆದ ಹೆಣ್ಣುಮಕ್ಕಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು.

ಆಮೇಲೆ ಜಿಲ್ಲೆಗಳ ಹೆಸರು ಬದಲಾಗುತ್ತಲೇ ಬಂದವು. ತಾಂಡೂರು 1978ರಲ್ಲಿ ರಂಗಾರೆಡ್ಡಿ ಜಿಲ್ಲೆಗೂ 2016ರಲ್ಲಿ ವಿಕಾರಾಬಾದ್ ಜಿಲ್ಲೆಗೂ ಸೇರಿತು. ಜಹೀರಾಬಾದ್, ನಾರಾಯಣಖೇಡಗಳು 2016ರಿಂದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ದೊರೆತಾಗ, ಒಂದು ಕಾಲದಲ್ಲಿ ಅವೇ ಜಿಲ್ಲೆಗಳ ಭಾಗವಾಗಿದ್ದ ನಮ್ಮ ತಾಲ್ಲೂಕುಗಳು ಅದರ ವ್ಯಾಪ್ತಿಯ ಹೊರಗೆ ಉಳಿದವು. ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ತೆಲಂಗಾಣದ ನೆಲ ನಮಗೆ ಅನ್ನವಿಟ್ಟಿದೆ. ತೆಲುಗು ನಮ್ಮ ನೆರೆಯವರ, ಗೆಳೆಯರ, ಅನೇಕ ಮನೆಗಳಲ್ಲಿ ಸೊಸೆಯರ ಮಾತು. ಇತಿಹಾಸವನ್ನು ಇದ್ದಂತೆ ತಿಳಿದಿರಬೇಕೆಂಬುದಷ್ಟೇ ನನ್ನ ಆಶಯ.

ಹೊಲ ಕಲಿಸಿದ ನುಡಿ

ಸರಕಾರದ ಕಾಗದದಿಂದ ಹೊರಗಾದ ಕನ್ನಡವನ್ನು ಇಲ್ಲಿ ಉಳಿಸಿದ್ದು ಹೊಲ. ಮಳೆಯ ನಕ್ಷತ್ರಗಳನ್ನು ಎಣಿಸುತ್ತ, ರೋಹಿಣಿ ಕಳೆದು ಮಿರ್ಗ ಕೂಡುವುದನ್ನು ಕಾಯುತ್ತ, ಮುಂಗಾರಿಗೆ ಹೆಸರು, ಉದ್ದು, ತೊಗರಿ, ಸಜ್ಜೆ, ನವಣೆ, ಸಾವೆ, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಅಗಸೆ ಬಿತ್ತುವ ಒಕ್ಕಲುತನಕ್ಕೆ ತನ್ನದೇ ಶಬ್ದಕೋಶವಿದೆ. ಕೂರಿಗೆಯ ದಿಂಡು, ತಾಳು, ಬಟ್ಟಲು, ಈಸು. ಕಣದ ಮೇಟಿ, ಹಂತಿ, ರಾಶಿ. ಕಾಳು ಹೂಳಿಡುವ ಹಗೇವು. ದನಕ್ಕೆ ಹಾಕುವ ಕಣಕಿ. ಎಳೆಯ ಜೋಳದ ಸೀತನಿ. ಪಕ್ಕದ ಹೊಲದ ತೆಲುಗು ಒಕ್ಕಲಿಗನು ಹಿಂಗಾರಿಯನ್ನು ಯಾಸಂಗಿ ಎನ್ನುತ್ತಾನೆ, ಕಣವನ್ನು ಕಳ್ಳಂ ಎನ್ನುತ್ತಾನೆ, ಹಗೇವನ್ನು ಪಾತರ ಎನ್ನುತ್ತಾನೆ. ಇಬ್ಬರಿಗೂ ಎರಡೂ ಮಾತು ತಿಳಿಯುತ್ತದೆ.

ಹಬ್ಬಗಳಲ್ಲಿಯೂ ಹೀಗೆಯೇ. ಜ್ಯೇಷ್ಠ ಮಾಸದ ಹುಣ್ಣಿಮೆಯಂದು ಕನ್ನಡ ಮನೆಯವರು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಾರಹುಣ್ಣಿಮೆ ಆಚರಿಸುತ್ತಾರೆ. ಅದೇ ದಿನ ತೆಲುಗು ಮನೆಯಲ್ಲಿ ಏರುವಾಕ ಪುನ್ನಮಿ. ಚಂದ್ರನೂ ಎತ್ತೂ ಒಂದೇ, ಹೆಸರು ಎರಡು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಕುಣಿಯುವವರಲ್ಲಿ ಹಿಂದೂಗಳೇ ಹೆಚ್ಚು. ಕನ್ನಡದಲ್ಲಿ ರಿವಾಯತ ಪದ ಹಾಡುವವರು ಹಾಡಿದರೆ, ನೆರೆಯ ತೆಲುಗರಿಗೆ ಅದು ಪೀರ್ಲ ಪಂಡುಗ. ಮಹಾನವಮಿಯ ದಿನಗಳಲ್ಲಿ ನಮ್ಮ ಹೆಣ್ಣುಮಕ್ಕಳು ತೆಲುಗು ಗೆಳತಿಯರೊಡನೆ ಬತುಕಮ್ಮನ ಹೂಗಳ ಸುತ್ತ ಚಪ್ಪಾಳೆ ತಟ್ಟುತ್ತಾರೆ.

ಮಾರ್ಗಶಿರ ಮಾಸದ ಎಳ್ಳಾಮಾಸಿಯ ಹಬ್ಬವನ್ನು ಮಾತ್ರ ವಿಶೇಷವಾಗಿ ಹೇಳಬೇಕು. ಬಿಳಿಜೋಳ ಹೊಡೆ ತುಂಬಿ ನಿಂತಿರುವ ಆ ಕಾಲದಲ್ಲಿ ಭೂತಾಯಿ ಬಸುರಿಯೆಂಬ ಭಾವನೆಯಿಂದ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಸಜ್ಜೆ ಮತ್ತು ಜೋಳದ ರೊಟ್ಟಿ, ಕಡಬು, ಹತ್ತಾರು ಕಾಳು ಕಾಯಿಪಲ್ಯಗಳನ್ನು ಕೂಡಿಸಿ ಮಾಡಿದ ಭಜ್ಜಿ, ಗಡಿಗೆಯ ಅಂಬಲಿ ಇವುಗಳನ್ನು ಮೊದಲು ಹೊಲಕ್ಕೆ ಚರಗ ಚೆಲ್ಲಿ ಆಮೇಲೆ ಬಂಧುಬಳಗದೊಡನೆ ಉಣ್ಣುವುದು ಇದರ ಕ್ರಮ. ಇಂಡೋನೇಷ್ಯದ ಬಾಲಿ ದ್ವೀಪದಲ್ಲಿ ಗದ್ದೆಗಳಿಗೆ ನೀರು ಹಂಚುವ ‘ಸುಬಕ್’ ಎಂಬ ರೈತಕೂಟಗಳು ಜಲದೇವಾಲಯಗಳ ಪೂಜೆಯೊಡನೆ ಬಿತ್ತನೆಯ ಕಾಲವನ್ನು ಗೊತ್ತುಮಾಡುತ್ತವೆ. ಯುನೆಸ್ಕೊ 2012ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗದ್ದೆಯ ದ್ವೀಪಕ್ಕೆ ಸುಬಕ್ ಹೇಗೋ, ಮಳೆಯನ್ನೇ ನಂಬಿದ ನಮ್ಮ ಒಣನೆಲಕ್ಕೆ ಚರಗ ಹಾಗೆ. ದುಡಿಮೆ, ಪೂಜೆ, ಊಟ, ಮಾತು ನಾಲ್ಕೂ ಅಲ್ಲಿ ಬೇರೆಬೇರೆಯಾಗಿಲ್ಲ.

ಝರಾಸಂಗಮದ ಕೇದಗೆ

ನಮ್ಮ ಸೀಮೆಯ ಭಕ್ತಿಯ ನಡುಬಿಂದು ಝರಾಸಂಗಮದ ಕೇತಕಿ ಸಂಗಮೇಶ್ವರ. ಕೇದಗೆ ಹೂವು ಶಿವಪೂಜೆಗೆ ಸಲ್ಲದೆಂಬುದು ಪುರಾಣದ ಮಾತು. ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ಹೇಳಿದ್ದಕ್ಕೆ ಅದಕ್ಕೆ ಶಾಪ ಬಂದಿತಂತೆ. ಬೇರೆಡೆ ಹೊರಗಿಟ್ಟ ಆ ಹೂವನ್ನು ಶಿವನು ಸ್ವೀಕರಿಸುವುದು ಇಲ್ಲಿ. ಕುಪೇಂದ್ರನೆಂಬ ಅರಸನ ಚರ್ಮರೋಗವು ಇಲ್ಲಿನ ಗುಂಡದ ನೀರಿನಿಂದ ಗುಣವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಶಿವರಾತ್ರಿಯ ಜಾತ್ರೆಗೆ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳಿಂದ ಭಕ್ತರು ಸೇರುತ್ತಾರೆ. 1956ರಲ್ಲಿ ಮೂರಾಗಿ ಹಂಚಿಹೋದ ಹಳೆಯ ಬೀದರ ಜಿಲ್ಲೆಯನ್ನು ಮತ್ತೆ ಒಂದಾಗಿ ನೋಡಬೇಕೆಂದರೆ ಆ ದಿನ ಗುಂಡದ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟರೆ ಸಾಕು. ಮೂರು ಭಾಷೆಗಳಲ್ಲಿಯೂ ಒಂದೇ ನಾಮಸ್ಮರಣೆ ಕೇಳುತ್ತದೆ.

ಕರಗುತ್ತಿರುವುದು ಯಾವುದು?

ಇಷ್ಟನ್ನು ಓದಿದವರು, ಎಲ್ಲವೂ ಉಳಿದಿರುವಾಗ ಚಿಂತೆ ಏಕೆ ಎಂದು ಕೇಳಬಹುದು. ಎರಡು ಕಡೆ ನಮ್ಮ ನಡುಗಡ್ಡೆಯ ದಂಡೆ ಕುಸಿಯುತ್ತಿದೆ.

ಮೊದಲನೆಯದು ಹೊಲದ ಕಡೆ. ಹಲವು ಕಾಳುಗಳನ್ನು ಕೂಡಿಸಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಕಬ್ಬು, ಹತ್ತಿ, ಸೋಯಾ. ಕೂರಿಗೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ದುಡಿಯುವವನ ಬೆನ್ನು ಹಗುರವಾದದ್ದು ಒಳ್ಳೆಯದೇ. ಆದರೆ ಬೆಳೆ ಹೋದರೆ ಅದರ ಹೆಸರೂ, ಅದನ್ನು ಬಿತ್ತುವಾಗಿನ ಹಾಡೂ, ಅದರ ಅಡಿಗೆಯೂ ಹೋಗುತ್ತವೆ. ಹಂತಿ ಇಲ್ಲದ ಕಣದಲ್ಲಿ ಹಂತಿಯ ಪದ ಎಲ್ಲಿಂದ ಬರಬೇಕು? ಈ ವಿಷಯದಲ್ಲಿ ನಮಗೆ ಪಾಠ ಹೇಳುವವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳವರು, ಹೆಚ್ಚಿನವರು ದಲಿತ ಹೆಣ್ಣುಮಕ್ಕಳು, ಮರೆತುಹೋಗುತ್ತಿದ್ದ ಸಿರಿಧಾನ್ಯಗಳ ಬೀಜಗಳನ್ನು ಮನೆಮನೆಯಲ್ಲಿ ಕೂಡಿಟ್ಟರು. ಸಂಕ್ರಾಂತಿಯ ಹೊತ್ತಿಗೆ ಬೀಜಗಳನ್ನು ಬಂಡಿಗಳಲ್ಲಿ ಹೇರಿಕೊಂಡು ಊರೂರಿಗೆ ಒಯ್ಯುವ ‘ಪಾತ ಪಂಟಲ ಜಾತರ’ ನಡೆಸಿದರು. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ಬಾನುಲಿ ಕೇಂದ್ರವಾದ ಸಂಘಂ ರೇಡಿಯೋವನ್ನು ತೆರೆದು ತಮ್ಮ ಆಡುಮಾತಿನಲ್ಲಿಯೇ ಹಾಡು, ಗಾದೆ, ಬೇಸಾಯದ ಅನುಭವಗಳನ್ನು ಬಿತ್ತರಿಸಿದರು. ಆ ಸಂಸ್ಥೆಯನ್ನು ದಶಕಗಳ ಕಾಲ ಮುನ್ನಡೆಸಿದ ಪಿ. ವಿ. ಸತೀಶ್ ಅವರು ಮೈಸೂರಿನಲ್ಲಿ ಹುಟ್ಟಿದವರು. ತೆಲುಗು ಮಹಿಳೆಯರು ಬೀಜದೊಡನೆ ಮಾತನ್ನೂ ಉಳಿಸಿದಂತೆ ನಾವೂ ನಮ್ಮ ಮಾತುಗಳನ್ನು ಕೂಡಿಡಬೇಕು.

ಎರಡನೆಯದು ಅಕ್ಷರದ ಕಡೆ. ಮುಖ್ಯೋಪಾಧ್ಯಾಯನಾಗಿದ್ದ ಕಾಲದಲ್ಲಿ ಮನೆಗಳಿಗೆ ಹೋದಾಗ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ. ಅಜ್ಜ ಓದಿದ್ದು ಉರ್ದು, ಮಗ ಓದಿದ್ದು ಕನ್ನಡ, ಮೊಮ್ಮಗ ಓದಿದ್ದು ತೆಲುಗು, ಮರಿಮಗ ಓದುತ್ತಿರುವುದು ಇಂಗ್ಲಿಷು. ಒಂದೇ ಮನೆಯ ನಾಲ್ಕು ತಲೆಮಾರಿಗೆ ನಾಲ್ಕು ಲಿಪಿ, ಮನೆಯ ಮಾತು ಮಾತ್ರ ಒಂದೇ. ಅಜ್ಜಿಯೊಡನೆ ಸೊಗಸಾಗಿ ಕನ್ನಡ ಮಾತಾಡುವ ಮಗುವಿಗೆ ಲಗ್ನಪತ್ರಿಕೆಯ ಕನ್ನಡವನ್ನು ಓದಲು ಬಾರದು. ಓದಲು ಬಾರದ ಮಾತು ಮನೆಯ ಹೊಸಿಲನ್ನು ದಾಟಲಾರದು. ಆ ಮಗು ಪಟ್ಟಣಕ್ಕೆ ಹೋಗಿ ಸಂಸಾರ ಹೂಡಿದಾಗ ಅದು ಹೊಸ ಮನೆಯನ್ನೂ ಹೊಗಲಾರದು. ಮಿನಿಕಾಯ್ ದ್ವೀಪದ ಜನರಿಗೆ ಮಾತಿನೊಡನೆ ಲಿಪಿಯೂ ಉಳಿದಿದೆ ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿಯೇ.

ಕಾನೂನಿನ ಬೆಂಬಲ ಇಲ್ಲದಿಲ್ಲ. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಒಂದು ಮಾತೃಭಾಷೆಯವರಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು 1949ರಲ್ಲಿಯೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತ್ತು. ಗಡಿಗಳನ್ನು ಬದಲಿಸಿದ 1956ರಲ್ಲಿಯೇ ಸಂವಿಧಾನದ 7ನೆಯ ತಿದ್ದುಪಡಿಯ ಮೂಲಕ 350(ಎ) ವಿಧಿಯೂ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂಬುದು ಅದರ ಆಶಯ. 2018ರ ತೆಲಂಗಾಣ ಕಾಯಿದೆಯಂತೆ ಒಂದರಿಂದ ಹತ್ತನೆಯ ತರಗತಿಯವರೆಗೆ ತೆಲುಗು ಕಲಿಕೆ ಕಡ್ಡಾಯವಾಗಿದೆ. ಅದು ಸರಿಯಾದದ್ದೇ, ಬಾಳುವ ನಾಡಿನ ಭಾಷೆ ನಮ್ಮ ಮಕ್ಕಳಿಗೆ ಬರಲೇಬೇಕು. ಅದರೊಡನೆ ಕನ್ನಡವನ್ನು ಕೇಳುವವರು, ಅದಕ್ಕಾಗಿ ಮಕ್ಕಳ ಹೆಸರು ಬರೆಸುವವರು ನಾವಾಗಬೇಕು. ಕೇಳುವವರಿಲ್ಲದ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಈ ಕೆಲಸ ಎಣಿಸಿದಷ್ಟು ಕಠಿಣವಲ್ಲ. ಕನ್ನಡ ತೆಲುಗು ಲಿಪಿಗಳು ಶತಮಾನಗಳ ಕಾಲ ಒಂದೇ ಆಗಿದ್ದವು. ತೆಲುಗು ಓದಬಲ್ಲ ಮಗುವಿಗೆ ಕನ್ನಡದ ಬಹುಪಾಲು ಅಕ್ಷರಗಳು ಆಗಲೇ ಪರಿಚಿತ. ಕ, ತ, ಶ, ಹ ಮೊದಲಾದ ಕೆಲವು ಅಕ್ಷರಗಳನ್ನೂ ತಲೆಕಟ್ಟು, ಗುಣಿತದ ಚಿಹ್ನೆಗಳ ವ್ಯತ್ಯಾಸವನ್ನೂ ಬೇರೆಯಾಗಿ ಕಲಿಸಿದರೆ ಸಾಕು. ದಿನಕ್ಕೆ ಅರ್ಧ ಗಂಟೆಯಂತೆ ಒಂದು ಬೇಸಿಗೆ ರಜೆಯಲ್ಲಿ ಮಗು ಓದಲಾರಂಭಿಸುತ್ತದೆ ಎಂಬುದು ನನ್ನ ಅನುಭವ. ನಮ್ಮ ಸಂಘವು ಪ್ರತಿ ಬೇಸಿಗೆಯಲ್ಲಿ ಇಂತಹ ಅಕ್ಷರ ಶಿಬಿರಗಳನ್ನು ಮೂರೂ ಊರುಗಳಲ್ಲಿ ನಡೆಸಬಹುದು. ಬರೆಯಲು ಕಲಿತ ಮಗುವಿಗೆ ಮೊದಲ ಪಾಠವಾಗಿ ಒಂದು ಕೆಲಸ ಕೊಡಬಹುದು: ಮನೆಯ ಹಿರಿಯರನ್ನು ಕೇಳಿ, ಹೊಲದ ಹೆಸರು, ಕಾಳಿನ ಹೆಸರು, ಕೂರಿಗೆಯ ಅಂಗಗಳ ಹೆಸರು, ಎಳ್ಳಾಮಾಸಿಯ ಅಡಿಗೆಯ ಕ್ರಮ, ಅಜ್ಜಿಯ ಒಂದು ಹಾಡು ಇವುಗಳನ್ನು ಕನ್ನಡದಲ್ಲಿ ಬರೆದು ತರುವುದು. ಅವುಗಳನ್ನು ಕೂಡಿಸಿ ಮುಂದಿನ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿದರೆ, ಅಕ್ಷರವೂ ಉಳಿದೀತು, ಹೊಲದ ನುಡಿಯೂ ಉಳಿದೀತು.

ನಡುಗಡ್ಡೆಯ ಸುತ್ತಲಿನ ನೀರು ಅದರ ಶತ್ರುವಲ್ಲ. ಮಂಜೀರೆ ತಂದ ಮಣ್ಣಿನಿಂದಲೇ ಅವಳ ನಡುವಿನ ಗಡ್ಡೆಗಳು ಬೆಳೆದಿವೆ. ತೆಲುಗಿನ ನಡುವೆ ಬಾಳಿದ್ದರಿಂದ ನಮ್ಮ ಕನ್ನಡಕ್ಕೆ ಒಂದು ಬನಿ ಬಂದಿದೆ, ಅದು ಬೆಂಗಳೂರಿನಲ್ಲಿಯೂ ಧಾರವಾಡದಲ್ಲಿಯೂ ಸಿಗದು. ಗಡ್ಡೆಯ ಮೇಲೆ ಬೇರು ಬಿಟ್ಟ ಗಿಡಗಳಿರುವವರೆಗೆ ಪ್ರವಾಹ ಅದನ್ನು ಕೊಚ್ಚಲಾರದು. ಆ ಗಿಡಗಳನ್ನು ನೆಡುವ ಹೊಣೆ ಈ ಸಮ್ಮೇಳನದಲ್ಲಿ ಕೂಡಿರುವ ತಾಯಂದಿರದು, ತಂದೆಯರದು, ನಮ್ಮಂತಹ ಹಿರಿಯರದು. ಸಂಘದ ಈ ಕಾರ್ಯಕ್ಕೆ ಸಂಗಮೇಶ್ವರನ ಕೃಪೆಯಿರಲಿ, ಸಮ್ಮೇಳನವು ಸಾರ್ಥಕವಾಗಲಿ ಎಂದು ಹಾರೈಸುತ್ತೇನೆ.